ಬಾಣಂತಿಗೆ ತಂದ ಬ್ರೆಡ್ಡು

ನಮ್ಮ ಕಡೆ ಆಸ್ಪತ್ರೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಪೌಂಡು ಬ್ರೆಡ್ಡು, ನಾಲ್ಕು ಮೂಸಂಬಿ, ಇಷ್ಟಾದರೂ ಹಿಡಿದಿರಬೇಕು. ಚಿಕ್ಕಂದಿನಲ್ಲಿ ಮೈಸೂರಿನ ಮನೆಯಲ್ಲಿ ನನಗೆ ಬ್ರೆಡ್ಡು ಸಿಗಬೇಕಾದರೆ ಜ್ವರವೇ ಬರಬೇಕಿತ್ತು.

ಸಿಡ್ನಿಗೆ ಬಂದ ಎರಡನೆಯ ಚಳಿಗಾಲದಲ್ಲಿ, ಎಂಟು ತಿಂಗಳು ತುಂಬಿದ್ದ ನಮ್ಮ ಮಗು ಜೀವವಿಲ್ಲದೆ ಹುಟ್ಟಿತು. ಹೆಂಡತಿ ವೆಸ್ಟ್‌ಮೀಡ್‌ನ ಆಸ್ಪತ್ರೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಊಟವಿಲ್ಲ, ಮಾತಿಲ್ಲ, ಅಳುವೂ ಇಲ್ಲ. ನನಗೂ ಏನೂ ಅನಿಸುತ್ತಿರಲಿಲ್ಲ. ಆಫೀಸಿಗೆ ರಜೆ ಹೇಳಿದೆ, ಬಟ್ಟೆ ಒಗೆದು ಹರವಿದೆ. ಅವಳು ಏನಾದರೂ ಒಂದು ತುತ್ತು ತಿಂದರೆ ಸಾಕಿತ್ತು.

ಸ್ಟೇಷನ್ ಹತ್ತಿರದ ಬೇಕರಿಯಲ್ಲಿ ಸ್ಲೈಸ್ ಬ್ರೆಡ್ಡು ಮುಗಿದಿತ್ತು. ಆಗತಾನೆ ಒಲೆಯಿಂದ ತೆಗೆದ ಬ್ಯಾಗೆಟ್‌ಗಳಿದ್ದವು, ಮೊಳದುದ್ದದ ಫ್ರೆಂಚ್ ಬ್ರೆಡ್ಡು. ಕೊಂಡವರೆಲ್ಲ ಬಾಗಿಲು ದಾಟುವ ಮೊದಲೇ ತುದಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮನೆ ಮುಟ್ಟುವಷ್ಟೂ ತಾಳ್ಮೆಯಿಲ್ಲವೇ ಎಂದು ನನಗೆ ಸುಮ್ಮಸುಮ್ಮನೆ ಸಿಟ್ಟು ಬಂತು. ನಾನು ಮುರಿಯಲಿಲ್ಲ. ರೋಗಿಗೆ ಒಯ್ಯುವುದನ್ನು ಯಾರಾದರೂ ಎಂಜಲು ಮಾಡುತ್ತಾರೆಯೇ?

ಬಿಸಿ ಹಾಲು ತರಿಸಿಕೊಂಡು, ಅವಳ ಮಂಚದ ಪಕ್ಕ ಕೂತು ಅದನ್ನು ಮುರಿದೆ. ಸಿಪ್ಪೆ ಪಟಪಟನೆ ಒಡೆದು ಹೊದಿಕೆಯ ತುಂಬ ಚೂರು ಬಿತ್ತು. ಆ ಸದ್ದಿಗೆ ಅವಳು ತಿರುಗಿದಳು.

“ಏನೋ ಅದು?”

“ಬ್ರೆಡ್ಡು. ಹಾಲಲ್ಲಿ ಅದ್ದಿ ಕೊಡ್ತೀನಿ, ಸ್ವಲ್ಪ ತಿನ್ನು.”

“ನಂಗೇನ್ ಜ್ವರಾನಾ? ಬ್ರೆಡ್ ಪೇಷಂಟ್‌ಗೆ ಕೊಡೋದು ಕಣೋ,” ಎಂದಳು. “ನಾನು ಬಾಣಂತಿ.”

ಮಗುವಿನ ಜೊತೆಗೆ ಬಾಣಂತಿ ಎನ್ನುವ ಮಾತೂ ಹೋಯಿತೆಂದು ನಾನು ತಿಳಿದಿದ್ದೆ. ಅವಳ ಅಂಗಿಯ ಎದೆ ಹಾಲಿನಿಂದ ಒದ್ದೆಯಾಗಿದ್ದುದನ್ನು ಆಗ ನೋಡಿದೆ.

ಫ್ಲ್ಯಾಟಿಗೆ ಹೋಗಿ, ಫೋನ್ ಕಾರ್ಡಿನ ಮುಚ್ಚಿದ ನಂಬರು ಕೆರೆದು, ಮೈಸೂರಿಗೆ ಫೋನ್ ಮಾಡಿದೆ. ಬೆಳ್ಳುಳ್ಳಿ ಎಷ್ಟು, ಮೆಣಸು ಎಷ್ಟು ಎಂದು ಅಮ್ಮ ಅಳುತ್ತಲೇ ಹೇಳಿದಳು. ಸಂಜೆ ಫ್ಲಾಸ್ಕಿನಲ್ಲಿ ಮೆಣಸಿನ ಸಾರು, ಡಬ್ಬಿಯಲ್ಲಿ ಅನ್ನ, ತುಪ್ಪ ಒಯ್ದೆ. ನಾನು ಮಾಡಿದ ಅನ್ನ ಗಂಜಿಯಾಗಿತ್ತು. ಅವಳು ಅದನ್ನು ಬದಿಗೆ ಸರಿಸಿ, ಬೆಳಗಿನ ಬ್ಯಾಗೆಟ್ಟನ್ನೇ ಮುರಿದು ಸಾರಿಗೆ ಅದ್ದಿಕೊಂಡು ನಿಧಾನವಾಗಿ ತಿಂದಳು.

ಬೆಳ್ಳುಳ್ಳಿಯ ಘಾಟಿಗೆ ನರ್ಸ್ ಒಳಗೆ ಬಂದು ಇದೇನೆಂದು ಕೇಳಿದಳು. ನಮ್ಮಲ್ಲಿ ಹೆತ್ತ ತಾಯಿಗೆ ಕೊಡುವ ಸಾರು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹೆಂಡತಿ ಅದ್ದಿದ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಜೋರಾಗಿ ಅಳತೊಡಗಿದಳು. ನನಗೆ ಅಳು ಬರಲಿಲ್ಲ. ಉಳಿದಿದ್ದ ತುದಿಯನ್ನು ಮುರಿದು ಬಾಯಿಗೆ ಹಾಕಿಕೊಂಡೆ. ರುಚಿ ತಿಳಿಯಲಿಲ್ಲ.