ಜೋರಾಗಿ ಎಣಿಸು

ಮೊನ್ನೆ ದೇವರ ಗೂಡು ಒರೆಸುವಾಗ ಹಳೆಯ ವಿಭೂತಿ ಗಟ್ಟಿಯೊಂದು ಸಿಕ್ಕಿತು, ಮಕ್ಕಳೇ. ಅದು ಹತ್ತಿದ ಹೆಬ್ಬೆರಳನ್ನು ಮೂಗಿನ ಹತ್ತಿರ ತಂದೆ. ಕೆಳಗಿನ ಮನೆ ಅಕ್ಕನ ಕೈಯ ವಾಸನೆ... ಆಮೇಲೆ ಒಂದು ಕೆಲಸವೂ ನೆಟ್ಟಗಾಗಲಿಲ್ಲ. ಒಲೆ ಮೇಲಿಟ್ಟ ಹಾಲೂ ಉಕ್ಕಿತು.

ಉಲ್ಲಾಳಕ್ಕೆ ಬರುವ ಮುಂಚೆ ನಾವು ಬಸವೇಶ್ವರನಗರದಲ್ಲಿ ಮಹಡಿ ಮನೆಯಲ್ಲಿದ್ದೆವು. ದಾವಣಗೆರೆ ಕಡೆಯ ಆ ಅಕ್ಕ ಕೆಳಗಿದ್ದರು. ನಿಮ್ಮ ತಾತ ಹೋದ ಮೇಲೆ ನನಗೆ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ನಾನು ಅತ್ತಿಂದಿತ್ತ ಓಡಾಡುವ ಸದ್ದು ಕೇಳಿಯೇ ಅವರು ಕರೆದದ್ದು. ಪೂಜೆ ಮುಗಿಸಿದ ವಿಭೂತಿ ಕೈಯಲ್ಲೇ ಚಾಪೆ ಹಾಸಿ ಕೂರಿಸಿದರು. ಬಲ ಹೊಳ್ಳೆ ಮುಚ್ಚಿ ಎಡದಿಂದ ಉಸಿರು ತಗೋ, ಎಡ ಮುಚ್ಚಿ ಬಲದಿಂದ ಬಿಡು, ಮತ್ತೆ ಬಲದಿಂದ ತಗೊಂಡು ಎಡದಿಂದ ಬಿಡು ಎಂದು ತೋರಿಸಿದರು. ನಾನು ನಾಚಿ ಮುಖಕ್ಕೆ ಸೆರಗು ಎಳೆದುಕೊಂಡೆ.

“ಸೆರಗ್ಯಾಕವ್ವ? ನಮ್ಮನೆ ಏನ್ ನಾರ್ತೈತೇನು?”

ಒಬ್ಬರು ಉಸಿರು ಎಳೆದು ಬಿಡುವಾಗ ಇನ್ನೊಬ್ಬರು ನಾಲ್ಕರವರೆಗೆ ಎಣಿಸಬೇಕು, ಅದು ಅವರ ಪದ್ಧತಿ. ಅವರು ಬೀದಿಗೆ ಕೇಳುವಂತೆ ಎಣಿಸುತ್ತಿದ್ದರು. ನನ್ನ ಸರದಿ ಬಂದರೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಊರ ಶಾಲೆಯಲ್ಲಿ ಮಗ್ಗಿ ಕೂಗಿದ್ದೂ ಎಲ್ಲರ ದನಿಯ ಮರೆಯಲ್ಲೇ.

“ಕಣ್ಣು ಮುಚ್ಚಿರೋಳಿಗೆ ನಿನ್ನ ತುಟಿ ಕಾಣ್ತೈತೇನು? ಬಾಯಿ ಬಿಡವ್ವ!” ಎಂದು ರೇಗಿಸುತ್ತಿದ್ದರು.

ಹೀಗೇ ತಿಂಗಳುಗಳು ಕಳೆದವು... ನನ್ನ ಓಡಾಟ ಕಡಿಮೆಯಾಯಿತು. ದನಿ ಮಾತ್ರ ಬರಲಿಲ್ಲ.

ಆಮೇಲೆ ಅಕ್ಕನಿಗೆ ಎದೆಯ ಆಪರೇಷನ್ ಎಂದರು. ಅವತ್ತು ನಾನೂ ಆಸ್ಪತ್ರೆಗೆ ಹೋಗಿದ್ದೆ. ಒಳಗೆ ಕರೆದೊಯ್ಯುವ ಮುಂಚೆ ಅವರು ಮೂಗು ಹಿಡಿದು ಕೂತರು. ಎರಡು ಸಲ ಶುರುಮಾಡಿ ನಡುವೆಯೇ ಬಿಟ್ಟರು.

“ಲೆಕ್ಕ ತಪ್ತೈತವ್ವ. ನೀನು ಎಣಸು, ಜೋರಾಗಿ,” ಎಂದು ಕಣ್ಣು ಮುಚ್ಚಿದರು.

ಸುತ್ತ ಅವರ ಅಳಿಯಂದಿರು, ನರ್ಸುಗಳು, ಪಕ್ಕದ ಮಂಚದವರು. ನಾನು ತಲೆ ತಗ್ಗಿಸಿ ಒಂದೊಂದೇ ಬೆರಳು ಮಡಿಸಿದೆ. ಅವರು ಕಾದರು... ಕಣ್ಣು ಬಿಟ್ಟು ನನ್ನ ಬೆರಳುಗಳನ್ನು ನೋಡಿದರು.

“ಇರ್ಲಿ ಬಿಡು. ಬಂದ ಮ್ಯಾಲೆ ಕೇಳ್ತೀನಿ.”

ಬರಲಿಲ್ಲ.

ಈಗಲೂ ಬೆಳಗ್ಗೆ ಮೂಗು ಹಿಡಿದು ಕೂತರೆ ನಡುನಡುವೆ ಕಣ್ಣು ಬಿಡುತ್ತೇನೆ, ಎದುರಿಗೆ ಯಾರೋ ಕಾಯುತ್ತಿರುವ ಹಾಗೆ. ನಿನ್ನೆ ಪುಟ್ಟಿ ಪರೀಕ್ಷೆಯ ಹೆದರಿಕೆಗೆ ಹಾಗೇ ಕೂತಿದ್ದಳು, ಮೊಬೈಲು ಎಣಿಸುತ್ತಿತ್ತು. ನಾನು ಅದನ್ನು ಕಿತ್ತಿಟ್ಟು ಎಣಿಸತೊಡಗಿದೆ.

“ಅಜ್ಜೀ, ಪಕ್ಕದ ಮನೆಗೆಲ್ಲಾ ಕೇಳ್ತಿದೆ!” ಎಂದು ನೀವೆಲ್ಲ ನಕ್ಕಿರಿ. ನಾನು ನಿಲ್ಲಿಸಲಿಲ್ಲ. ಒಂದು, ಎರಡು, ಮೂರು... ಅವತ್ತು ಅಕ್ಕ ಕೇಳಿದ್ದೂ ನಾಲ್ಕರವರೆಗೆ, ಅಷ್ಟೇ.