ಬತ್ತಿ ಇಟ್ಟ ಸಿಸ್ಟರಮ್ಮ

ಬ್ಯಾಂಡೇಜು ಬಿಚ್ಚುವಾಗ ನಮ್ಮೂರಿನ ಆಸ್ಪತ್ರೆಯ ಸಿಸ್ಟರಮ್ಮನ ಬಲಹುಬ್ಬು ಮೇಲೇರುತ್ತಿತ್ತು. ಗಾಯ ಮಾಯುತ್ತಿದ್ದರೆ ಸ್ವಲ್ಪವೇ. ರೋಗಿ ಮನೆಯಲ್ಲಿ ಏನಾದರೂ ಮೆತ್ತಿಕೊಂಡು ಬಂದಿದ್ದರೆ ಹಣೆಯ ಕುಂಕುಮದವರೆಗೆ. ನಾನು ಹೋದ ದಿನ ಅದು ಕುಂಕುಮವನ್ನೂ ದಾಟಿತ್ತು.

ನನಗೆ ಕುರು ಎದ್ದಿದ್ದು ಕೂರುವ ಜಾಗದಲ್ಲೇ. ಅದೂ ಹೊಳೆನರಸೀಪುರಕ್ಕೆ ಹೆಣ್ಣು ನೋಡಲು ಹೊರಟ ವಾರದಲ್ಲಿ. ಹಿಂದಿನ ಸಂಬಂಧಗಳೆಲ್ಲ ಒಂದಲ್ಲ ಒಂದು ನೆಪಕ್ಕೆ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಇನ್ನು ಹೆಣ್ಣು ಹುಡುಕುವುದಿಲ್ಲ ಎಂದು ಅವ್ವ ಕಡ್ಡಿ ಮುರಿದಂತೆ ಹೇಳಿದ್ದಳು. ಕುರು ಬೇಗ ಹಣ್ಣಾಗಲೆಂದು ಸುಣ್ಣ ಬೆಲ್ಲ ಕಲಸಿ ಮೆತ್ತಿದವಳೂ ಅವಳೇ.

“ಇದೇನಪ್ಪ, ಒಬ್ಬಟ್ಟು ಮಾಡಕ್ಕೆ ಒಂಟಿದ್ರಾ?” ಎಂದರು ಸಿಸ್ಟರಮ್ಮ.

ಡಾಕ್ಟರು ಕುಯ್ದು ಕೀವು ತೆಗೆದು ಹೋದರು. ತೊಳೆಯುವುದೆಲ್ಲ ಸಿಸ್ಟರಮ್ಮನ ರಾಜ್ಯ. ಸಿರಿಂಜಿನಲ್ಲಿ ಸಲೈನ್ ಎಳೆದು ಗಾಯದೊಳಕ್ಕೆ ಬಿಡುತ್ತಾ, ನನ್ನ ಗಮನ ಬೇರೆ ಕಡೆ ಹೋಗಲೆಂದು ಹೊಗೆಸೊಪ್ಪಿನ ರೇಟು ಕೇಳಿದರು. ನಾನು ರೇಟನ್ನೂ ಕಿರುಚಿಯೇ ಹೇಳಿದೆ. ಕೊನೆಗೆ ಉದ್ದನೆಯ ಗಾಜ್ ಬಟ್ಟೆಯ ಪಟ್ಟಿಯನ್ನು ಗಾಯದೊಳಗೆ ಇಳಿಸಿ, “ಬತ್ತಿ ಇಟ್ಟಿವ್ನಿ. ಗಾಯದ ಬಾಯಿ ಮುಚ್ಕಂಡ್ರೆ ಒಳ್ಗೇ ಕೀವು ಕಟ್ಟುತ್ತೆ. ಅದು ತೆರ್ದಿರ್ಲಿ, ನೀನು ಬಾಯಿ ಮುಚ್ಚು. ದಿನಾ ಬಂದು ತೊಳಿಸ್ಕೋ, ಕೂರ್ಬ್ಯಾಡ” ಎಂದರು. ತೊಳೆಸಿಕೊಳ್ಳಲು ಬರದೇ ಉಳಿದವರಿಗೆ ತಾವೇ ಫೋನು ಮಾಡಿ ಬೈಯುವುದು ಅವರ ಪದ್ಧತಿ.

ಹೆಣ್ಣಿನ ಮನೆಯಲ್ಲಿ ಎಲ್ಲರೂ ಕೂತರು, ನಾನೊಬ್ಬ ನಿಂತೇ ಇದ್ದೆ. ಹುಡುಗಿಯ ತಂದೆ ನನ್ನತ್ತ ಕುರ್ಚಿ ತಳ್ಳಿ ತಳ್ಳಿ ಸುಸ್ತಾಗಿ, “ಯಾಕಪ್ಪ, ನಮ್ಮನೇಲಿ ಕೂರಾಕೂ ಮನಸಿಲ್ವಾ?” ಎಂದರು.

ಗಾಯ ಎಲ್ಲಿ ಎಂದು ಹೇಳಲು ನಾಚಿಕೆ. “ಅಂಗಲ್ಲ ಸಾ, ಆಸ್ಪತ್ರೆ ಸಿಸ್ಟರು ಬತ್ತಿ ಇಟ್ಬುಟ್ಟವ್ರೆ” ಎಂದೆ.

ಬೆನ್ನ ಹಿಂದೆ ಚಾಡಿ ಹೇಳಿ ಸಂಬಂಧ ಕೆಡಿಸುವುದಕ್ಕೂ ನಮ್ಮಲ್ಲಿ ಬತ್ತಿ ಇಡುವುದು ಅಂತಲೇ ಅಲ್ಲವೇ ಹೆಸರು!

“ಯಾವಳವಳು? ನನ್ ಮಗಳ ಮೇಲೆ ಏನಂದ್ಲು?” ಎಂದು ಅವರು ಎದ್ದೇಬಿಟ್ಟರು. ಅವ್ವ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಸಿಸ್ಟರಮ್ಮನೇ. ಆ ದಿನ ನಾನು ತೊಳೆಸಿಕೊಳ್ಳಲು ಹೋಗಿರಲಿಲ್ಲ. ಹೆಸರು ಕಂಡದ್ದೇ ತಡ, ಹುಡುಗಿಯ ತಂದೆ ಫೋನು ಕಿತ್ತುಕೊಂಡು, “ನಮ್ ಉಡ್ಗಿಗೆ ಬತ್ತಿ ಇಟ್ಟೋಳು ನೀನೇನಮ್ಮಾ?” ಎಂದು ಗುಡುಗಿದರು.

ಸಿಸ್ಟರಮ್ಮನ ಗಂಟಲಿಗೆ ಸ್ಪೀಕರ್ ಬೇಕಿರಲಿಲ್ಲ. “ನಿಮ್ ಉಡ್ಗಿ ಯಾರೋ ನಂಗೇನ್ ಗೊತ್ತು ಯಜಮಾನ್ರೇ? ನಾನು ಬತ್ತಿ ಇಟ್ಟಿರಾದು ಆ ಉಡ್ಗನ ಕುಂಡಿಗೆ! ಉಡ್ಗ ಒಳ್ಳೇವ್ನು, ಕೂರ್ಸಬ್ಯಾಡಿ ಅಷ್ಟೇ. ಮೊದ್ಲು ತೊಳಿಸ್ಕಳಕ್ಕೆ ಕಳ್ಸಿ!”

ಒಳಕೋಣೆಯಿಂದ ನಗು ಸಿಡಿಯಿತು. ಹಾಗೆ ನಕ್ಕವಳೇ ನನ್ನ ಹೆಂಡತಿ.

ಸಿಸ್ಟರಮ್ಮ ರಿಟೈರಾಗಿ ಚನ್ನರಾಯಪಟ್ಟಣದ ಮಗಳ ಮನೆ ಸೇರಿದ್ದರು. ಹೋದ ವರ್ಷ ತೀರಿಕೊಂಡರು. ಗಂಡ ಹೆಂಡತಿ ಇಬ್ಬರೂ ಹೋಗಿದ್ದೆವು. ಯಾರೋ ಕುರ್ಚಿ ತಂದುಕೊಟ್ಟರು. ಸಿಸ್ಟರಮ್ಮನ ಮುಖ ನೋಡುತ್ತಾ ನಾನು ನಿಂತೇ ಇದ್ದೆ. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹತ್ತಿರ ಬಂದಳು.

“ಕೂತ್ಕಳಿ” ಎಂದಳು. “ಫೋನ್ ಮಾಡಿ ಬೈಯಾಕೆ ಅವ್ರಿಲ್ಲ ಕಣ್ರೀ.”