ಕ್ಲಾರಿನೆಟ್ ನಡುಗಿದ ಬೇಸಿಗೆ

2018ರಲ್ಲಿ ನಾನು ಅನಂತಪುರ ಜಿಲ್ಲೆಯ ಎರಡು ತುದಿಗಳಿಗೆ ಆಡಿಯಾಲಜಿಸ್ಟ್ ಆಗಿದ್ದೆ. ಒಂದು ಟ್ರಸ್ಟಿನ ಕೆಲಸ. ವಾರದ ಮೊದಲರ್ಧ ರಾಯದುರ್ಗದಲ್ಲಿ, ಉಳಿದರ್ಧ ಮಡಕಶಿರಾದಲ್ಲಿ ಕುಳಿತು ಕಿವಿ ಪರೀಕ್ಷೆ ಮಾಡಬೇಕು, ಬೇಕಾದವರಿಗೆ ಹಿಯರಿಂಗ್ ಏಡ್ ಹೊಂದಿಸಿ ಕೊಡಬೇಕು. ನಡುವೆ ಕಲ್ಯಾಣದುರ್ಗದ ಮೇಲೆ ಬಸ್ಸು. ರಿಟೈರ್‌ಮೆಂಟ್ ಹತ್ತಿರವಿತ್ತು. ಮೊಣಕಾಲುಗಳು ನನಗಿಂತ ಮೊದಲೇ ರಾಜೀನಾಮೆ ಕೊಟ್ಟಂತಿದ್ದವು. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ‘ಪೋಶ್ಚರ್, ಗರ್ಲ್ಸ್, ಪೋಶ್ಚರ್’ ಎಂಬ ಪಾಠವನ್ನು ಆ ಬಸ್ಸಿನ ಸೀಟು ಒಂದೇ ವರ್ಷದಲ್ಲಿ ಮರೆಸಿತ್ತು.

ಈ ಕೆಲಸದಲ್ಲಿ ಸುಸ್ತು ಮಾಡುವುದು ಕಿವುಡಲ್ಲ, ಏಡ್ ಕೊಟ್ಟ ಮೇಲೆ ನಡೆಯುವ ಕಥೆ. ಮಡಕಶಿರಾದ ಒಬ್ಬ ಅಜ್ಜಿಯನ್ನು ‘ಏಡ್ ಎಲ್ಲಿ ಅಜ್ಜಿ?’ ಅಂತ ಕೇಳಿದರೆ, “ಬೀರುನಾಗೆ ಭದ್ರವಾಗೈತೆ ಕಣಮ್ಮ, ಮದ್ವೆ ಗಿದ್ವೆ ಬಂದಾಗ ಆಕ್ಕಂತೀನಿ” ಎಂದು ಸಮಾಧಾನ ಹೇಳಿದ್ದರು. ಬಂಗಾರದ ಓಲೆಯ ಪಕ್ಕದಲ್ಲಿ ಅದಕ್ಕೂ ಒಂದು ಡಬ್ಬಿ. ಇಂಥವರ ನಡುವೆ ಪಾಂಡುರಂಗಪ್ಪನವರು ನನಗೆ ಆದರ್ಶ ಪೇಷಂಟ್ ಆಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಬೆಳಿಗ್ಗೆ ಹಾಕಿದರೆ ರಾತ್ರಿ ಮಲಗುವಾಗಲೇ ತೆಗೆಯುತ್ತಿದ್ದರು.

ಅವರು ರಾಯದುರ್ಗದ ಟೇಲರ್. ಆದರೆ ನನ್ನ ಬಳಿ ಬಂದದ್ದು ಮಡಕಶಿರಾದಲ್ಲಿ. ಅಲ್ಲಿ ಟೀಚರ್ ಆಗಿದ್ದ ಮಗಳಿಗೆ ದಿನ ತುಂಬುತ್ತಿತ್ತು. ಪ್ರಯಾಣ ಮಾಡಕೂಡದೆಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಹೋಗುವ ಬದಲು ತವರೇ ಅವಳ ಮನೆಗೆ ಬಂದಿತ್ತು. ರಾಯದುರ್ಗದ ಮನೆಗೆ ಬೀಗ ಹಾಕಿ ಗಂಡ ಹೆಂಡತಿ ಇಬ್ಬರೂ ಬೇಸಿಗೆಯೆಲ್ಲ ಮಡಕಶಿರಾದಲ್ಲೇ ಇದ್ದರು. ನಾಳೆ ಮೊಮ್ಮಗು ಅತ್ತರೂ ಅಪ್ಪನಿಗೆ ಕೇಳದೆಂದು ಮಗಳೇ ಅವರನ್ನು ಕರೆತಂದಳು.

ಪರೀಕ್ಷೆ ಮಾಡಿದೆ. ಆಡಿಯೋಗ್ರಾಂ ಎಂಬುದು ಕಿವಿಯ ನಕ್ಷೆ. ಎಡದಿಂದ ಬಲಕ್ಕೆ ಹೋದಂತೆ ಸ್ವರ ಮೇಲೇರುತ್ತದೆ. ಗೆರೆ ಎಷ್ಟು ಕೆಳಗೆ ಬೀಳುತ್ತದೆಯೋ ಕಿವಿ ಅಷ್ಟು ಮಂದ. ಇವರ ಗೆರೆ ಎಡಗಡೆ ಸಾಧಾರಣವಾಗಿ ನಡೆದು ಎರಡು ಸಾವಿರ ಹರ್ಟ್ಸ್ ದಾಟುತ್ತಲೇ ಬಾವಿಗೆ ಇಳಿದ ಹಾಗೆ ತೊಂಬತ್ತು ಡೆಸಿಬಲ್‌ಗೆ ಬಿದ್ದಿತ್ತು. ಕರೆಂಟಿನ ಹೊಲಿಗೆ ಮಿಷನ್ನುಗಳ ಸಾಲಿನಲ್ಲಿ ವರ್ಷಗಟ್ಟಲೆ ಜೀನ್ಸ್ ಹೊಲಿದವರ ಕಿವಿ ಹೀಗೆಯೇ. ಇವರೂ ಅವರಲ್ಲೊಬ್ಬರು. ಜೀನ್ಸ್ ಹೊಲಿಗೆಯ ಊರಾದ ರಾಯದುರ್ಗದಲ್ಲಿ ಇದು ನನಗೆ ನಿತ್ಯದ ನಕ್ಷೆ. ಮಾತಿಗೆ ತಕ್ಕಂತೆ ಏಡ್ ಹೊಂದಿಸಿದೆ. ಕೊನೆಗೆ ಹೊರಗಿದ್ದ ಮಗಳನ್ನು ಒಳಗೆ ಕರೆಸಿದೆ. ಅವಳು ಹಿಂದೆ ನಿಂತು ಮೆಲ್ಲಗೆ ಕರೆದಾಗ ತಿರುಗಿ ನಕ್ಕರು. ಫೈಲಿನಲ್ಲಿ ‘ಗುಡ್ ಔಟ್‌ಕಮ್’ ಎಂದು ಬರೆದು ಮುಂದಿನ ಪೇಷಂಟನ್ನು ಕರೆದೆ.

ಮಳೆಗಾಲದ ಆರಂಭದಲ್ಲಿ, ರಾಯದುರ್ಗದ ಸೆಂಟರಿಗೆ ಅವರ ಹೆಂಡತಿ ಸಾವಿತ್ರಮ್ಮ ಒಬ್ಬರೇ ಬಂದರು. ಮಡಕಶಿರಾದಿಂದ ವಾಪಸಾಗಿ ಕೆಲವು ವಾರಗಳಾಗಿದ್ದವು. ಕುಳಿತುಕೊಳ್ಳಲೂ ಇಲ್ಲ.

“ಮೇಡಂ, ನೀವು ಕಿವಿ ಕೊಟ್ರಿ, ಛಲೋ ಆತು. ಆದ್ರ ಬಾಯಿ ಕಸಗೊಂಡ್ರಲ್ರಿ. ಮೊದ್ಲು ಕಿವಿ ಕೇಳದಿದ್ರೂ ಮಾತಾಡೋರು. ಈಗ ಎಲ್ಲಾ ಕೇಳ್ತೈತಿ, ಒಂದು ಮಾತಿಲ್ಲ.”

ಕಾರಣವನ್ನು ಅವರೇ ಹೇಳಿದರು. ಯಜಮಾನರ ಬಳಿ ಹಾಡಿನ ಹಳೇ ಪ್ಲೇಟುಗಳಿದ್ದವು, ಇಂಗ್ಲಿಷ್ ಪ್ಲೇಟು. ಕಿವಿ ಮಂದವಾದ ಮೇಲೆ ವರ್ಷಗಳ ಕಾಲ ಹಚ್ಚಿರಲಿಲ್ಲ. ಏಡ್ ಬಂದ ಖುಷಿಗೆ, ಊರಿಗೆ ಬಂದ ದಿನವೇ ಒಂದನ್ನು ಹಚ್ಚಿದರು. ಅದರಲ್ಲಿನ ಪೀಪಿಯ ಸ್ವರ ನಡುಗುತ್ತಿತ್ತು. ಇನ್ನೊಂದು ಹಚ್ಚಿದರು, ಅದೂ ನಡುಗಿತು. ಟರ್ನ್‌ಟೇಬಲ್ಲಿನ ಬೆಲ್ಟು ಸಡಿಲವಾಗಿರಬೇಕೆಂದು ಬಳ್ಳಾರಿಗೆ ಹೋಗಿ ಹೊಸದು ತಂದು ಹಾಕಿದರೂ ಹಾಗೆಯೇ. ಹಾಗಾದರೆ ಬೇಸಿಗೆಯೆಲ್ಲ ಬೀಗ ಹಾಕಿದ ಮನೆಯಲ್ಲಿ, ಕಾದ ತಗಡಿನ ಕೆಳಗೆ ಪ್ಲೇಟುಗಳೇ ಕೆಟ್ಟಿವೆ. ಬೀಗ ಹಾಕಿಸಿದ್ದು ಯಾರು? ಬಾಣಂತನಕ್ಕೆ ಇಬ್ಬರೂ ಹೋಗೋಣವೆಂದು ಹಟ ಹಿಡಿದ ಸಾವಿತ್ರಮ್ಮ. ಯಜಮಾನರು ಬೈಯಲಿಲ್ಲ, ಮಾತು ನಿಲ್ಲಿಸಿದರು. ಬೆಂಗಳೂರಿನ ಒಬ್ಬ ಡೀಲರಿಗೆ ಫೋನು ಮಾಡಿ, ಬರುವ ಭಾನುವಾರ ಬಂದು ಎಲ್ಲವನ್ನೂ ಒಯ್ಯಲು ಹೇಳಿದ್ದರು.

“ಅವು ಹೋದ್ರ ಇವ್ರು ಮತ್ತ ಮಾತಾಡಂಗಿಲ್ರಿ” ಎಂದರು ಸಾವಿತ್ರಮ್ಮ. “ಮಿಷನ್ನ ತೆಗಸ್ರಿ. ಕಿವುಡರಾಗೇ ಇರ್ಲಿ.”

ಹಿಯರಿಂಗ್ ಏಡ್ ವಾಪಸು ತಗೊಳ್ಳಿ ಎಂದು ಹೆಂಡತಿಯೊಬ್ಬಳು ಕೇಳಿದ್ದು ನನ್ನ ಸರ್ವೀಸಿನಲ್ಲಿ ಅದೇ ಮೊದಲು. ಸಂಜೆ ಲ್ಯಾಪ್‌ಟಾಪ್ ಹೊತ್ತು ಅವರ ಮನೆಗೆ ಹೋದೆ. ಹೋಗಲು ಮನಸ್ಸಿರಲಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಬಿಸಿನೀರಲ್ಲಿ ಕಾಲಿಟ್ಟು ಕೂರುವ ಹೊತ್ತು ಅದು.

ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವ ಅಗಲ ಮೇಜು, ಹಳೇ ಕಾಲ್ಮಿಷನ್ನು, ಗೋಡೆಗೆ ಎಲ್‌ಪಿಗಳ ಸಾಲು. ಒಂದೊಂದಕ್ಕೂ ಹಳೇ ಲೈನಿಂಗ್ ಬಟ್ಟೆಯ ಚೀಲ ಹೊಲಿದಿದ್ದರು. ವಯಸ್ಸಿನಲ್ಲಿ ಅವರು ಗುಂತಕಲ್ಲಿನ ರೈಲ್ವೆ ಕಾಲೊನಿಯಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳಿಗೆ ಹೊಲಿಯುತ್ತಿದ್ದರಂತೆ. ಕ್ರಿಸ್‌ಮಸ್ ಡ್ಯಾನ್ಸಿಗೆ ಗಂಡಸರಿಗೆ ಸೂಟು, ಹೆಂಗಸರಿಗೆ ಗೌನು. ಟ್ರಯಲ್ ನೋಡಲು ಹೋದಾಗ ಒಳಗೆ ಜಾಝ್ ಹಾಕಿರುತ್ತಿದ್ದರು. ಆ ಮನೆಗಳು ಒಂದೊಂದಾಗಿ ಆಸ್ಟ್ರೇಲಿಯಾಕ್ಕೆ ಹೊರಟಾಗ ಸಾಮಾನು ಹಂಚಿದರು. ಉಳಿದವರು ಮಂಚ, ಕುರ್ಚಿ ಕೇಳಿದರೆ ಇವರು ಪ್ಲೇಟು ಕೇಳಿದರು. ಆಮೇಲೆ ಬಳ್ಳಾರಿ, ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ, ಅಮೆರಿಕದ ಕಪ್ಪು ಜನ ಗಂಟಲೆತ್ತಿ ಹಾಡುವ ಸೋಲ್ ಹಾಡುಗಳನ್ನೂ ಸೇರಿಸಿದರು. ಇಂಗ್ಲಿಷ್ ಅರ್ಥವಾಗುತ್ತಿತ್ತೇ ಎಂದು ಕೇಳಿದೆ. ಅಳತೆ ಅರ್ಥವಾಗುತ್ತಿತ್ತು ಎಂದರು.

ಅಲ್ಲಿಯವರೆಗೆ ಹೆಂಡತಿಯ ಕಡೆ ನೋಡಿರಲಿಲ್ಲ. ಕಾಫಿ ಲೋಟವನ್ನೂ ಆಕೆ ಮೇಜಿನ ಮೇಲಿಟ್ಟರು, ಇವರು ಮೇಜಿನಿಂದ ಎತ್ತಿಕೊಂಡರು.

ಒಂದು ಪ್ಲೇಟು ಹಾಕಲು ಹೇಳಿದೆ. ಮೊದಲು ಸ್ವಲ್ಪ ಚರಚರ, ಆಮೇಲೆ ಪಿಯಾನೋ, ಅದರ ಮೇಲೆ ಒಂದು ಕ್ಲಾರಿನೆಟ್ ಎದ್ದು ಉದ್ದಕ್ಕೆ ಒಂದೇ ಸ್ವರದಲ್ಲಿ ನಿಂತಿತು. ಗಾಳಿಯಿಲ್ಲದ ಕಡೆ ಉರಿವ ದೀಪದಂತೆ, ಒಂದಿಷ್ಟೂ ಅಲುಗದೆ. ಎಷ್ಟು ವರ್ಷವಾಗಿತ್ತೋ ನಾನು ಏನನ್ನಾದರೂ ಪರೀಕ್ಷೆಗಲ್ಲದೆ ಕೇಳಿ. ಆದರೆ ಪಾಂಡುರಂಗಪ್ಪನವರು ಮುಖ ಹಿಂಡಿದರು.

“ನಡುಗ್ತೈತಲ್ರಿ?”

ಇಲ್ಲ, ನೆಟ್ಟಗಿದೆ ಎಂದೆ. ಅವರು ನಂಬಲಿಲ್ಲ. ನೀವು ದೊಡ್ಡವರು, ಸಮಾಧಾನಕ್ಕೆ ಹೇಳ್ತೀರಿ ಎಂದರು. ಪ್ಲೇಟನ್ನು ಕಣ್ಣ ಮಟ್ಟಕ್ಕೆ ಹಿಡಿದು ತೋರಿಸಿದೆ, ಸೊಟ್ಟವಿರಲಿಲ್ಲ. ಕೆಲವು ಬಟ್ಟೆ ಹೊಲಿದಾಗ ನೆಟ್ಟಗೇ ಕಾಣುತ್ತವೆ, ತೊಟ್ಟ ಮೇಲೆ ಗೊತ್ತಾಗುತ್ತದೆ ಎಂದರು. ಏಡಿನ ಮೇಲೇನಾದರೂ ಅನುಮಾನವೇ ಎಂದರೆ, ಛೆ, ಅದು ಚೊಕ್ಕಟವಾಗಿದೆ, ಬೀದಿಯವರೆಲ್ಲರ ಮಾತು ಕೇಳುತ್ತದೆ ಎಂದರು. ನಾನು ಕೊಟ್ಟ ಯಂತ್ರದ ಮೇಲೆ ಅವರಿಗೆ ಅಷ್ಟು ಭಕ್ತಿ.

ಏಡನ್ನು ಬಿಚ್ಚಿಸಿ ಸ್ಟೆತೋಕ್ಲಿಪ್ ಹಾಕಿಕೊಂಡೆ. ಏಡಿನಿಂದ ಬರುವುದನ್ನು ನಮ್ಮ ಕಿವಿಗೆ ತರುವ ಕೊಳವೆ ಅದು. ಕ್ಲಾರಿನೆಟ್ ಜ್ವರ ಬಂದವರ ಹಾಗೆ ನಡುಗುತ್ತಿತ್ತು.

ವಿಷಯ ಇಷ್ಟೇ. ಏಡಿನ ಮೈಕೂ ಸ್ಪೀಕರೂ ಒಂದರ ಪಕ್ಕ ಒಂದು ಇರುವುದರಿಂದ ಸದ್ದು ಸೋರಿ ಕುಯ್ ಎಂಬ ಶಿಳ್ಳೆ ಹುಟ್ಟುತ್ತದೆ. ಅದನ್ನು ಹತ್ತಿಕ್ಕಲು ಒಳಗೆ ಫೀಡ್‌ಬ್ಯಾಕ್ ಮ್ಯಾನೇಜರ್ ಎಂಬ ವ್ಯವಸ್ಥೆ ಇದೆ. ಉದ್ದಕ್ಕೆ ಒಂದೇ ಸಮ ಬರುವ ಸ್ವರವನ್ನು ಕಂಡರೆ ಅದು ಶಿಳ್ಳೆಯೆಂದು ತಿಳಿದು ಅಳಿಸಹೊರಡುತ್ತದೆ. ಮನುಷ್ಯರ ಮಾತಿನಲ್ಲಿ ಹಾಗೆ ನಿಲ್ಲುವ ಸ್ವರವೇ ಇಲ್ಲ, ತೊಂದರೆಯಿಲ್ಲ. ಕ್ಲಾರಿನೆಟ್ಟಿಗೂ ಶಿಳ್ಳೆಗೂ ವ್ಯತ್ಯಾಸ ಅದಕ್ಕೆ ಗೊತ್ತಿಲ್ಲ. ಅದು ಅಳಿಸಲು ಹೋಗುತ್ತದೆ, ಸ್ವರ ಉಳಿಯಲು ನೋಡುತ್ತದೆ, ಕೇಳುವವರಿಗೆ ನಡುಕ.

ಇದನ್ನೆಲ್ಲ ವಿವರಿಸಿದೆ. ತಲೆಯಾಡಿಸಿದರು, ನಂಬಲಿಲ್ಲ. ಕೊನೆಗೆ ಬ್ಯಾಗಿನಲ್ಲಿದ್ದ ಟ್ಯೂನಿಂಗ್ ಫೋರ್ಕ್ ತೆಗೆದೆ. ಎರಡು ಹಲ್ಲಿನ ಉಕ್ಕಿನ ಕವೆ. ತಟ್ಟಿದರೆ ಒಂದೇ ಸ್ವರ ಹೊರಡುತ್ತದೆ, ಬೇರೆ ಏನೂ ಅದಕ್ಕೆ ಬಾರದು. ಏಡನ್ನು ಮತ್ತೆ ಹಾಕಿಸಿ, ಕವೆಯನ್ನು ಮಂಡಿಗೆ ತಟ್ಟಿ ಅವರ ಕಿವಿಯ ಹತ್ತಿರ ಹಿಡಿದೆ.

ಕವೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ತಟ್ಟಿದರು. ಇನ್ನೊಮ್ಮೆ ತಟ್ಟಿದರು.

“ಇದೂ ನಡುಗ್ತೈತ್ರಿ. ಉಕ್ಕು ಬಿಸಿಲಿಗೆ ಬಾಗಂಗಿಲ್ಲಲ್ರಿ.”

ಆಮೇಲೆ ಹೆಂಡತಿಯ ಕಡೆ ತಿರುಗಿದರು. “ನಿಂದೇನೂ ತಪ್ಪಿಲ್ಲ ಬಿಡು” ಎಂದರು, ಬಾಗಿಲಿಗೆ ಹೇಳಿದ ಹಾಗೆ.

“ಅದನ್ನ ನಾನು ಬಂದ ದಿನಾನೇ ಹೇಳಿದ್ದೆ. ಮಿಷನ್ನಿನಾಗ ಬೀದಿಯವರ್ದೆಲ್ಲಾ ಕೇಳ್ತೈತಿ, ನಂದೊಂದು ಬಿಟ್ಟು” ಎಂದು ಸಾವಿತ್ರಮ್ಮ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಲ್ಯಾಪ್‌ಟಾಪಿಗೆ ಏಡ್ ಜೋಡಿಸಿ ಸಂಗೀತಕ್ಕೆಂದೇ ಎರಡನೆಯ ಪ್ರೋಗ್ರಾಂ ಬರೆದೆ. ಫೀಡ್‌ಬ್ಯಾಕ್ ಮ್ಯಾನೇಜರ್ ಆಫ್, ಗದ್ದಲ ಕಡಿಮೆ ಮಾಡುವ ವ್ಯವಸ್ಥೆ ಆಫ್, ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ತಗ್ಗಿಸುವ ಕಂಪ್ರೆಶನ್ ಸಡಿಲ. ಶಿಳ್ಳೆ ಏಳಬಾರದೆಂದು, ಏಡನ್ನು ಕಿವಿಯೊಳಗೆ ಕೂರಿಸುವ ಅಚ್ಚನ್ನೂ ಬಿಗಿ ಮಾಡಿದೆ. ಏಡಿನ ಬಟನ್ ಒತ್ತಿದರೆ ಮಾತು, ಇನ್ನೊಮ್ಮೆ ಒತ್ತಿದರೆ ಹಾಡು. ಅದೇ ಪ್ಲೇಟು ಮತ್ತೆ ಹಾಕಿದರು. ಕ್ಲಾರಿನೆಟ್ ಎದ್ದು ನಿಂತಿತು. ಅವರ ಬೆರಳು ಮೇಜಿನ ಮೇಲೆ ಹೊಲಿಗೆ ಗೆರೆ ಎಳೆದಂತೆ ನೇರ ಹೋಯಿತು. ನಾನೂ ಕಣ್ಣು ಮುಚ್ಚಿಕೊಂಡೆ. ಮನೆಗೆ ಹೋಗಬಹುದು ಎಂದುಕೊಂಡೆ.

ಹಾಡು ಮುಗಿದ ಮೇಲೆ ಕೇಳಿದರು: “ಕತ್ತರಿ ಸದ್ದು ಯಾವಾಗ ಬರ್ತೈತ್ರಿ?”

ಅರ್ಥವಾಗಲಿಲ್ಲ. ಡ್ರಮ್ಮಿನ ಮೇಲೆ ಕಡ್ಡಿಯ ಬದಲು ತಂತಿ ಬ್ರಶ್ ಆಡಿಸುತ್ತಾರಲ್ಲ, ಅದು. ಗಂಜಿ ಹಾಕಿದ ಬಟ್ಟೆಯಲ್ಲಿ ಕತ್ತರಿ ಓಡಿದ ಹಾಗೆ ಇರುತ್ತದೆ. ಅದನ್ನು ಕೇಳಿಯೇ ತಾನು ಈ ಸಂಗೀತಕ್ಕೆ ಬಿದ್ದದ್ದು ಎಂದರು. ನನಗೆ ಅದು ಹಾಡಿನುದ್ದಕ್ಕೂ ಕೇಳಿತ್ತು.

ಆ ಸದ್ದಿನ ಬಹುಪಾಲು ಇರುವುದು ಅವರ ನಕ್ಷೆಯಲ್ಲಿ ಗೆರೆ ಬಾವಿಗೆ ಇಳಿದ ಜಾಗದಲ್ಲಿ. ಒಳಕಿವಿಯಲ್ಲಿ ಸ್ವರ ಹಿಡಿಯುವ ಕೂದಲಿನಂಥ ಜೀವಕೋಶಗಳು ಅಲ್ಲಿ ಸತ್ತಿರುತ್ತವೆ. ಅದನ್ನು ಡೆಡ್ ರೀಜನ್ ಅನ್ನುತ್ತೇವೆ. ಎಷ್ಟು ಜೋರು ಮಾಡಿದರೂ ಅಲ್ಲಿ ತೆಗೆದುಕೊಳ್ಳುವವರೇ ಇಲ್ಲ. ಆದರೂ ಏಡಿನ ಆ ಭಾಗವನ್ನು ಏರಿಸಿ ನೋಡಿದೆ. ಮರಳು ಜಗಿದಂತಾಗುತ್ತದೆ ಎಂದರು. ಇಳಿಸಿದೆ. ಇಂಥ ಮಾತು ಹೇಳಿ ಹೇಳಿ ನನ್ನ ನಾಲಿಗೆಗೆ ಅಭ್ಯಾಸವಾಗಿದೆ ಎಂದುಕೊಂಡಿದ್ದೆ.

“ಅದು ಬರೋದಿಲ್ಲ, ಪಾಂಡುರಂಗಪ್ಪನವರೇ. ಯಾವ ಮಿಷನ್ನಿನಲ್ಲೂ.”

ಅವರು ಪ್ಲೇಟನ್ನು ಒರೆಸಿ ಚೀಲಕ್ಕೆ ಹಾಕಿದರು. ನಾನು ನನ್ನ ವೃತ್ತಿಯ ಸಲಹೆ ಕೊಟ್ಟೆ. ಕೇಳುವುದನ್ನು ಇಟ್ಟುಕೊಳ್ಳಿ. ಸೋಲ್ ಹಾಡುವವರ ಗಂಟಲು, ಅವರ ಹಿಂದಿನ ಆರ್ಗನ್, ಬೇಸ್, ಎಲ್ಲ ನಿಮ್ಮ ಕಿವಿ ಚೆನ್ನಾಗಿರುವ ಕಡೆಯೇ ಇವೆ. ಬ್ರಶ್ಶಿನ ಪ್ಲೇಟುಗಳನ್ನು ಭಾನುವಾರ ಡೀಲರಿಗೆ ಕೊಡಿ, ಕೇಳಬಲ್ಲವರ ಕೈ ಸೇರಲಿ. ಹಾಗೇ ಮಾಡ್ತೀನ್ರಿ ಎಂದರು. ಆದರೆ ಯಾವುದರಲ್ಲಿ ಆ ಸದ್ದಿದೆ, ಯಾವುದರಲ್ಲಿಲ್ಲ ಎಂದು ಎಲ್ಲ ನೆನಪಿರಲಿಲ್ಲ, ಈಗ ಕೇಳಿ ಆರಿಸಲೂ ಆಗದು. ಕೇಳಿ ಆರಿಸಿ ಹೇಳಲೆಂದು ಒಳಗಿನಿಂದ ಸಾವಿತ್ರಮ್ಮನವರನ್ನು ಕರೆದರು. ನಾನು ಹೊರಟೆ.

ಮುಂದಿನ ವಾರ ಮಡಕಶಿರಾದಿಂದ ಬಂದವಳೇ ಏಡ್ ಹೇಗಿದೆಯೆಂದು ನೋಡಲು ಅವರ ಮನೆಗೆ ಹೋದೆ. ಗೋಡೆಯ ಸಾಲು ತೆಳುವಾಗಿತ್ತು, ಖಾಲಿಯಾಗಿರಲಿಲ್ಲ. ಪ್ಲೇಟು ತಿರುಗುತ್ತಿತ್ತು. ಅವರು ಕತ್ತರಿಸುವ ಮೇಜಿನ ಮೇಲೆ ಅಂಗೈ ಊರಿ ಕುಳಿತಿದ್ದರು. ಎದುರಿಗೆ ಸಾವಿತ್ರಮ್ಮ ಒಂದು ಕೈಯಲ್ಲಿ ಶೇಂಗಾ ಆರಿಸುತ್ತ, ಇನ್ನೊಂದು ಕೈಯ ಉಗುರನ್ನು ಅದೇ ಮೇಜಿನ ಹಲಗೆಯ ಮೇಲೆ ಹಗುರವಾಗಿ ಕೆರೆಯುತ್ತಿದ್ದರು, ಹಿಂದಕ್ಕೆ ಮುಂದಕ್ಕೆ. ನಾನು ಕಿವಿಗೊಟ್ಟೆ. ಬ್ರಶ್ ನಿಂತಾಗ ಉಗುರು ನಿಲ್ಲುತ್ತಿತ್ತು, ಬ್ರಶ್ ಶುರುವಾದಾಗ ಶುರುವಾಗುತ್ತಿತ್ತು. ಹಲಗೆಯ ಆ ಅದುರು ಅವರ ಅಂಗೈಗೆ ಸಿಗುತ್ತಿತ್ತು.

ಡೀಲರ್ ಏನನ್ನು ಒಯ್ದ ಎಂದು ಕೇಳಿದೆ.

“ಒದರೋರ್ನೆಲ್ಲಾ ಕಳಿಸಿಬಿಟ್ವಿರಿ” ಎಂದರು ಸಾವಿತ್ರಮ್ಮ. “ಆರಿಸ್ಬೇಕಂತ ಮೂರು ದಿನ ಕೂಡಿಸಿದ್ರು. ಇವ್ರಿಗೆ ಚೆಂದ ಕೇಳ್ತಾವಂತ ಅವನ್ನೇ ಜೋರಾಗಿ ಹಚ್ಚೋರು, ನನಗ ತಲಿ ಸಿಡೀತಿತ್ತು. ಇವು ಆದ್ರ ಮನಿ ಕೆಲಸ ಮಾಡಕೊಂತ ಕೇಳಬೌದ್ರಿ.”

ಅಂದರೆ ನನ್ನ ಸಲಹೆಯನ್ನು ತಿರುವಿ ಹಾಕಿದ್ದರು. ಅವರಿಗೆ ಚೆನ್ನಾಗಿ ಕೇಳುವ ಸೋಲ್ ಹಾಡುಗಳ ಕಟ್ಟು ಬೆಂಗಳೂರಿಗೆ ಹೋಗಿತ್ತು, ಅವರಿಗೆ ಕೇಳದ ಬ್ರಶ್ಶಿನ ಕಟ್ಟು ಮನೆಯಲ್ಲಿ ಉಳಿದಿತ್ತು. ಆಡಿಯೋಗ್ರಾಂ ಪ್ರಕಾರ ಇದು ಶುದ್ಧ ನಷ್ಟ. ಪಾಂಡುರಂಗಪ್ಪನವರ ಮುಖ ನೋಡಿದೆ.

“ಕತ್ತರಿ ಸದ್ದು ಇಕಿ ಕೇಳ್ತಾಳ್ರಿ” ಎಂದರು. “ಒಬ್ರಿಗೆ ಕೇಳಿದ್ರೂ ಮನ್ಯಾಗ ಐತಿ ಅಂತನೇ ಅಲ್ರಿ?”

ಏಡ್ ಪರೀಕ್ಷಿಸಿ, ಬ್ಯಾಟರಿ ಬದಲಿಸಿ ಬಂದೆ. ಫೈಲಿನಲ್ಲಿ ಈ ಸಲ ಏನು ಬರೆಯಬೇಕೋ ತಿಳಿಯಲಿಲ್ಲ.

ಅಲ್ಲಿಯವರೆಗೆ ನಾನು ಪೇಷಂಟಿನ ಜೊತೆ ಬಂದವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಾಗಿಲು ಹಾಕುತ್ತಿದ್ದೆ. ನಿಶ್ಶಬ್ದವಿಲ್ಲದೆ ಪರೀಕ್ಷೆ ಆಗದು, ಅದು ಸರಿಯೇ. ಆದರೆ ನಕ್ಷೆ ತೋರಿಸಿ ಮುಂದೇನು ಎಂದು ಮಾತಾಡುವ ಹೊತ್ತಿಗೂ ಅವರು ಹೊರಗೇ ಇರುತ್ತಿದ್ದರು. ಉಳಿದ ಸರ್ವೀಸಿನಲ್ಲಿ ನನ್ನ ಮೇಜಿನೆದುರು ಎರಡು ಕುರ್ಚಿ ಹಾಕಿಸಿದೆ. ಇದರಿಂದ ಕೆಲಸ ಹಗುರವಾಯಿತೆಂದು ಹೇಳಲಾರೆ. ಗಂಡ ಹೆಂಡತಿ, ಅತ್ತೆ ಸೊಸೆ ನನ್ನೆದುರೇ ಜಗಳವಾಡಿದರು, ಒಬ್ಬೊಬ್ಬರಿಗೆ ಹಿಡಿಯುವ ಹೊತ್ತು ಎರಡು ಪಟ್ಟಾಯಿತು, ಎಷ್ಟೋ ಸಲ ಕೊನೆಯ ಬಸ್ಸು ತಪ್ಪಿತು. ಕಿವಿ ಒಬ್ಬರದೇ ಇರಬಹುದು, ಕೇಳುವ ಕೆಲಸ ಮಾತ್ರ ಒಬ್ಬರಿಂದ ನಡೆಯುವುದಲ್ಲ ಎಂಬುದನ್ನು ಈ ವೃತ್ತಿ ನನಗೆ ಬಹಳ ತಡವಾಗಿ ಕಲಿಸಿತು.